ಪೇರೋಲ್ ಸಾಫ್ಟ್‌ವೇರ್ ಹಸಿರು ಟಿಕ್ ಕೊಟ್ಟಿದೆ, ಆದರೂ ಕನಿಷ್ಠ ವೇತನಕ್ಕಿಂತ ಕಡಿಮೆ ಬಿದ್ದಿರಬಹುದಾ?

ಪೇರೋಲ್ ಪುಟ್ಟಿ:

ಎಲ್ಲರಿಗೂ ನಮಸ್ಕಾರ. ನಾನು ಬೇರೆ ಕಂಪನಿಗಳಿಗೆ ಸಂಬಳದ ಲೆಕ್ಕ ಮಾಡಿಕೊಡುವ ಆಫೀಸಿನಲ್ಲಿದ್ದೇನೆ. ಒಂದು ಗೋದಾಮಿನ ಸುಮಾರು 60 ಜನರ ಸಂಬಳ ಹೋದ ತಿಂಗಳಿಂದ ನನ್ನ ಪಾಲಿಗೆ ಬಂದಿದೆ. ನಮ್ಮ ಸಾಫ್ಟ್‌ವೇರಿನಲ್ಲಿ ಕನಿಷ್ಠ ವೇತನ ಚೆಕ್ ಮಾಡುವ ಒಂದು ರಿಪೋರ್ಟ್ ಇದೆ. ಒತ್ತಿದೆ. 60 ಜನಕ್ಕೂ ಹಸಿರು ಟಿಕ್ ಬಂತು. ಖುಷಿಯಿಂದ ಮ್ಯಾನೇಜರಿಗೆ ಕಳಿಸಿಯೂ ಬಿಟ್ಟೆ.

ಮಾರನೇ ದಿನ ಅಲ್ಲಿನ ಪ್ಯಾಕಿಂಗ್ ಕೆಲಸಗಾರರೊಬ್ಬರಿಂದ ಮೇಲ್ ಬಂತು. "ನನಗೆ ಕಾನೂನು ಹೇಳಿದಷ್ಟು ಸಂಬಳ ಬರುತ್ತಿಲ್ಲ ಅನ್ನಿಸುತ್ತಿದೆ, ದಯವಿಟ್ಟು ನೋಡಿ" ಅಂತ ಎರಡೇ ಸಾಲು. ಅವರ ಹೆಸರಿನ ಮುಂದೆಯೂ ಹಸಿರೇ ಇದೆ. ಲೆಕ್ಕ ಸುಲಭ ಆಗಲಿ ಅಂತ ಕಾನೂನಿನ ದರ ಗಂಟೆಗೆ 100 ಅಂತ ಇಟ್ಟುಕೊಳ್ಳೋಣ. ಅವರು ತಿಂಗಳಿಗೆ 22 ದಿನ, ದಿನಕ್ಕೆ 8 ಗಂಟೆ. ಒಟ್ಟು 176 ಗಂಟೆ. ಸಂಬಳ 18,200. ಭಾಗಿಸಿದರೆ 103.41. ನೂರಕ್ಕಿಂತ ಜಾಸ್ತಿಯೇ ಇದೆ ಅಲ್ವಾ? ಅವರಿಗೆ ಏನಂತ ಉತ್ತರ ಬರೆಯಲಿ?

ಅವಸರದ ಅಕೌಂಟೆಂಟ್:

ಇದರಲ್ಲಿ ತಲೆಕೆಡಿಸಿಕೊಳ್ಳುವುದು ಏನಿದೆ? ರಿಪೋರ್ಟಿನ ಸ್ಕ್ರೀನ್‌ಶಾಟ್ ಕಳಿಸಿ, ವಿಷಯ ಮುಗಿಯಿತು. ಸಾಫ್ಟ್‌ವೇರ್ ಮಾಡಿದವರು ಕಾನೂನು ಓದಿಯೇ ಮಾಡಿರುತ್ತಾರೆ.

ಹಳೇ ಲೆಡ್ಜರ್:

ಸ್ಕ್ರೀನ್‌ಶಾಟ್ ಈಗಲೇ ಕಳಿಸಬೇಡಿ ಪುಟ್ಟಿ ಅವರೇ. ಆ ಮೇಲ್ ಬರೆದವರು ಸುಮ್ನೆ ಬರೆದಿರುವುದಿಲ್ಲ. ತಿಂಗಳಿಡೀ ಅಲ್ಲಿ ನಿಂತು ಕೆಲಸ ಮಾಡಿದವರಿಗೆ ಗಂಟೆ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮೊದಲು ಮೂರು ವಿಷಯ ಹೇಳಿ. ಯಾವ ದೇಶದ ನಿಯಮ? ಆ 18,200ರಲ್ಲಿ ಏನೇನು ಸೇರಿದೆ? ಆ 176 ಗಂಟೆ ಎಲ್ಲಿಂದ ಬಂತು, ಪಂಚಿಂಗ್ ಮೆಷಿನ್ನಿಂದಲೋ ಅಥವಾ ಯಾರೋ ಟೈಪ್ ಮಾಡಿದ್ದೋ?

ಸಾಫ್ಟ್‌ವೇರ್ ಮಾಡುವುದು ಒಂದು ಭಾಗಾಕಾರ, ಅಷ್ಟೇ. ಮೇಲೆ ಎಷ್ಟು ದುಡ್ಡು, ಕೆಳಗೆ ಎಷ್ಟು ಗಂಟೆ ಅಂತ ಹೇಳಿಕೊಡುವುದು ನಾವು. ಅದರ ಭಾಗಾಕಾರ ತಪ್ಪಿದ್ದನ್ನು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ. ನಾವು ಕೊಟ್ಟ ಅಂಕಿ ತಪ್ಪಿದ್ದನ್ನು ಮಾತ್ರ ಪ್ರತಿ ವರ್ಷ ಕಂಡಿದ್ದೇನೆ.

ಪೇರೋಲ್ ಪುಟ್ಟಿ:

ಬ್ರಿಟನ್ ನಿಯಮ ಸರ್. ಪೇಸ್ಲಿಪ್ ಈಗ ಬಿಡಿಸಿ ನೋಡಿದೆ.

ಮೂಲ ವೇತನ 16,280.
ಕೆಲಸದ ಸಾಧನೆಗೆ ಕೊಡುವ ಇನ್ಸೆಂಟಿವ್ 600.
ರಾತ್ರಿ ಪಾಳಿ ಭತ್ಯೆ 1,320.
ಒಟ್ಟು 18,200.
ಕಡಿತದಲ್ಲಿ ತೆರಿಗೆ, ಪಿಂಚಣಿ ಬಿಟ್ಟು "ಯೂನಿಫಾರ್ಮ್ 500" ಅಂತ ಒಂದಿದೆ.

ಗಂಟೆಗಳನ್ನು ಗೋದಾಮಿನವರು ತಿಂಗಳ ಕೊನೆಗೆ ಒಂದು ಎಕ್ಸೆಲ್ ಹಾಳೆಯಲ್ಲಿ ಕಳಿಸುತ್ತಾರೆ. ನಾನು ಅದನ್ನೇ ಅಪ್‌ಲೋಡ್ ಮಾಡುತ್ತೇನೆ.

ಹಳೇ ಲೆಡ್ಜರ್:

16,280ನ್ನು 176ರಿಂದ ಭಾಗಿಸಿ. ಗಂಟೆಗೆ 92.50. ಇದನ್ನು ನೋಡಿದಾಗಲೇ ಕಿವಿ ನೆಟ್ಟಗಾಗಬೇಕಿತ್ತು. ಮೂಲ ದರವೇ ನೂರಕ್ಕಿಂತ ಕೆಳಗಿದೆ, ಭತ್ಯೆಗಳ ಬಲದ ಮೇಲೆ ನೂರು ದಾಟಿಸಿದ್ದಾರೆ.

ಬ್ರಿಟನ್ನಿನಲ್ಲಿ 1998ರ ರಾಷ್ಟ್ರೀಯ ಕನಿಷ್ಠ ವೇತನ ಕಾಯ್ದೆ 1999ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಅಲ್ಲಿ ಕೈಗೆ ಬಂದ ದುಡ್ಡೆಲ್ಲ ಕನಿಷ್ಠ ವೇತನದ ಲೆಕ್ಕಕ್ಕೆ ಬರುವುದಿಲ್ಲ. ಸಾಧನೆಯ ಇನ್ಸೆಂಟಿವ್ ಲೆಕ್ಕಕ್ಕೆ ಬರುತ್ತದೆ. ರಾತ್ರಿ ಪಾಳಿಗೆ ಅಂತ ಮೇಲೆ ಕೊಡುವ ಹೆಚ್ಚುವರಿ ಬರುವುದಿಲ್ಲ. ಗಿರಾಕಿಗಳು ಕೊಡುವ ಟಿಪ್ಸ್ ಸಹ 2009ರ ಅಕ್ಟೋಬರಿನಿಂದ ಬರುವುದಿಲ್ಲ. ಇನ್ನು ಕಡಿತ. ತೆರಿಗೆ, ಪಿಂಚಣಿ ಹಿಡಿದರೆ ಕನಿಷ್ಠ ವೇತನಕ್ಕೆ ತೊಂದರೆ ಇಲ್ಲ. ಆದರೆ ಕೆಲಸಕ್ಕೆ ಬೇಕೇಬೇಕಾದ ಯೂನಿಫಾರ್ಮಿಗೆ ಹಿಡಿದರೆ ಅಷ್ಟು ಸಂಬಳವೇ ಕೊಟ್ಟಿಲ್ಲ ಅಂತ ಲೆಕ್ಕ.

ಈಗ ಇಳಿಸುತ್ತಾ ಬನ್ನಿ. 18,200ರಲ್ಲಿ ಯೂನಿಫಾರ್ಮ್ 500 ತೆಗೆದರೆ 17,700. 176ರಿಂದ ಭಾಗಿಸಿದರೆ 100.57. ಇನ್ನೂ ಹಸಿರೇ. ರಾತ್ರಿ ಭತ್ಯೆ 1,320 ತೆಗೆಯಿರಿ, 16,380. ಭಾಗಿಸಿದರೆ 93.07.

ಆ ಮನುಷ್ಯರು ಹೇಳಿದ್ದು ಸರಿ ಇದೆ.

ಅವಸರದ ಅಕೌಂಟೆಂಟ್:

ಇದು ಅನ್ಯಾಯ. ಕಂಪನಿ ದುಡ್ಡು ಕೊಟ್ಟಿರುವುದಂತೂ ನಿಜ ತಾನೇ? ಹೆಸರು ಯಾವುದಾದರೇನು? ಹಾಗಾದರೆ ಓಟಿಯನ್ನೂ (ಓವರ್‌ಟೈಮ್) ತೆಗೆಯಬೇಕು ಅನ್ನುತ್ತೀರಾ? ಓಟಿ ಮಾಡಿದವರಿಗೆ ಸಂಬಳ ಜಾಸ್ತಿ ಬರುತ್ತದೆ, ಅವರು ಕನಿಷ್ಠ ವೇತನಕ್ಕಿಂತ ಕೆಳಗೆ ಹೋಗಲು ಸಾಧ್ಯವೇ ಇಲ್ಲ.

ಹಳೇ ಲೆಡ್ಜರ್:

ಸಾಧ್ಯ ಇದೆ ಸ್ವಾಮಿ, ನೋಡಿ.

ಒಬ್ಬರ ದರ ಗಂಟೆಗೆ 95. ಮಾಮೂಲಿ ಕೆಲಸ 160 ಗಂಟೆ, ಓಟಿ 20 ಗಂಟೆ, ಒಂದೂವರೆ ಪಟ್ಟು. ಅಂದರೆ ಓಟಿ ಗಂಟೆಗೆ 142.50. ಮಾಮೂಲಿಯದು 15,200, ಓಟಿಯದು 2,850. ಒಟ್ಟು 18,050. 180 ಗಂಟೆಯಿಂದ ಭಾಗಿಸಿದರೆ 100.28. ರಿಪೋರ್ಟಿನಲ್ಲಿ ಹಸಿರು.

ಈಗ ಓಟಿಯ ಆ "ಅರ್ಧ ಪಟ್ಟು" ತೆಗೆಯಿರಿ. 180 ಗಂಟೆಗೂ 95 ಅಂದರೆ 17,100. ದರ 95. ಈ ಮನುಷ್ಯ 20 ಗಂಟೆ ಹೆಚ್ಚು ದುಡಿದು ಕಂಪನಿಯ ತಪ್ಪನ್ನು ತಾನೇ ಮುಚ್ಚಿಕೊಟ್ಟಂತೆ ಆಯಿತು. ಅದಕ್ಕೇ ಕಾನೂನು ಆ ಹೆಚ್ಚುವರಿಯನ್ನು ಹೊರಗಿಡುತ್ತದೆ. ಓಟಿ ಗಂಟೆಗಳು ಮಾತ್ರ ಲೆಕ್ಕದಲ್ಲಿ ಉಳಿಯುತ್ತವೆ. ಕೆಲವರು ಗಂಟೆಯನ್ನೂ ತೆಗೆದು ದುಡ್ಡನ್ನು ಉಳಿಸಿಕೊಳ್ಳುತ್ತಾರೆ, ಅದು ಇನ್ನೂ ದೊಡ್ಡ ಎಡವಟ್ಟು.

ಗಡಿಯಾರ ಮೇಷ್ಟ್ರು:

ದುಡ್ಡಿನ ಕಡೆ ಲೆಡ್ಜರ್ ಅವರು ಬಿಡಿಸಿಟ್ಟರು. ನಾನು ಹಾಜರಾತಿ ಮೆಷಿನ್ ಕೂರಿಸುವ ಕೆಲಸದವನು, ಹಾಗಾಗಿ ಗಂಟೆಯ ಕಡೆ ಒಂದಿಷ್ಟು.

ಪುಟ್ಟಿ ಅವರೇ, ತಿಂಗಳ ಕೊನೆಗೆ ಬರುವ ಆ ಎಕ್ಸೆಲ್ ಹಾಳೆಯನ್ನು ನಂಬಬೇಡಿ. ಎಲ್ಲರಿಗೂ ಸರಿಯಾಗಿ 176 ಇದೆಯಾ ನೋಡಿ. 60 ಜನ ಒಂದು ನಿಮಿಷ ಆಚೀಚೆ ಇಲ್ಲದೆ ತಿಂಗಳಿಡೀ ಒಂದೇ ಸಮ ಕೆಲಸ ಮಾಡುವುದು ಹಾಳೆಯ ಮೇಲೆ ಮಾತ್ರ. ಮೆಷಿನ್ನಿನ ಕಚ್ಚಾ ದಾಖಲೆ ಕೇಳಿ ತರಿಸಿಕೊಳ್ಳಿ. ಒಬ್ಬರದ್ದೇ ಸಾಕು, ಒಂದು ವಾರದ್ದೇ ಸಾಕು.

ಒಂದು ಕಡೆ ನಾನು ಕಂಡದ್ದು ಹೇಳುತ್ತೇನೆ. ಪಾಳಿ 9:00ಕ್ಕೆ ಶುರು. ಬೆರಳು ಒತ್ತಿದ್ದು 8:44, 8:43, 8:46, 8:44. ಎಲ್ಲರದ್ದೂ ಹೀಗೇ. ಯಾಕಪ್ಪಾ ಇಷ್ಟು ಶಿಸ್ತು ಅಂತ ಕೇಳಿದರೆ, 8:45ಕ್ಕೆ ಸೂಪರ್‌ವೈಸರ್ ಸಾಲಾಗಿ ನಿಲ್ಲಿಸಿ ಆ ದಿನದ ಕೆಲಸ ಹೇಳುತ್ತಾರಂತೆ. ಬರದಿದ್ದರೆ ಬೈಗುಳ. ಆದರೆ ಮೆಷಿನ್ನಿನ ಸೆಟ್ಟಿಂಗ್‌ನಲ್ಲಿ "ಪಾಳಿ ಶುರುವಾಗುವ ಮೊದಲು ಒತ್ತಿದ್ದನ್ನು ಪಾಳಿಯ ಸಮಯಕ್ಕೆ ಸರಿಸು" ಅಂತ ಟಿಕ್ ಆಗಿದೆ. 8:44 ಹೋಗಿ 9:00 ಆಗುತ್ತದೆ. ಆ ಕಾಲು ಗಂಟೆ ಪೇರೋಲ್ ತನಕ ತಲುಪುವುದೇ ಇಲ್ಲ. ಸಾಫ್ಟ್‌ವೇರಿಗೆ ಅದು ನಡೆದೇ ಇಲ್ಲ.

ದಿನಕ್ಕೆ 15 ನಿಮಿಷ, 22 ದಿನಕ್ಕೆ ಐದೂವರೆ ಗಂಟೆ. 176 ಅಲ್ಲ, 181.5.

ಇನ್ನೊಂದು ಸಣ್ಣದು, ಆದರೆ ಎಲ್ಲ ಕಡೆ ಆಗುವುದು. 8 ಗಂಟೆ 45 ನಿಮಿಷವನ್ನು 8.45 ಅಂತ ಟೈಪ್ ಮಾಡುತ್ತಾರೆ. ಸಾಫ್ಟ್‌ವೇರಿಗೆ ಅದು ದಶಾಂಶ. ಹಾಕಬೇಕಾದ್ದು 8.75. ದಿನಕ್ಕೆ 18 ನಿಮಿಷ ಅಲ್ಲೇ ಕರಗಿತು. ಹಾಳೆಯಲ್ಲಿ .15, .30, .45 ಅಂತ ಮಾತ್ರ ಕಾಣುತ್ತಿದ್ದು, .25, .50, .75 ಎಲ್ಲೂ ಇಲ್ಲ ಅಂದರೆ ಇದೇ ರೋಗ.

ಶಿಫ್ಟ್ ಮುಗೀತು:

ನಾನು ಪೇರೋಲ್‌ನವನಲ್ಲ, ಗೋದಾಮಿನಲ್ಲಿ ಕೆಲಸ ಮಾಡುವವನು. ಸುಮ್ನೆ ಓದುತ್ತಿದ್ದೆ, ಈ 8:44 ನೋಡಿ ನಗು ಬಂತು. ನಮ್ಮಲ್ಲಿ ಹೋಗುವಾಗಲೂ ಇದೆ. ಕೆಲಸ ಮುಗಿದ ಮೇಲೆ ಬ್ಯಾಗ್ ಚೆಕ್ ಮಾಡುವ ಸಾಲು. ಬೆರಳು ಒತ್ತುವ ಮೆಷಿನ್ ಸಾಲಿನ ಈಚೆಗೆ ಇದೆ, ಆಚೆಗಲ್ಲ. ಒತ್ತಿದ ಮೇಲೆ ನಿಲ್ಲುವುದು. ಯಾರೂ ಕೇಳಿಲ್ಲ, ನಾವೂ ಹೇಳಿಲ್ಲ. ಅದೂ ಕೆಲಸದ ಸಮಯವೇ?

ಕಾನೂನು ಕಟ್ಟೆ:

ಶಿಫ್ಟ್ ಮುಗೀತು ಅವರೇ, ಇದಕ್ಕೆ ಒಂದೇ ಉತ್ತರ ಇಲ್ಲ. ದೇಶ ಬದಲಾದರೆ ಉತ್ತರ ಬದಲಾಗುತ್ತದೆ.

ಅಮೆರಿಕದಲ್ಲಿ ಈ ಜಗಳಕ್ಕೆ ದೊಡ್ಡ ಇತಿಹಾಸವೇ ಇದೆ. 1946ರಲ್ಲಿ ಮಿಷಿಗನ್ನಿನ ಒಂದು ಪಿಂಗಾಣಿ ಕಾರ್ಖಾನೆಯ ಕೆಲಸಗಾರರ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. ಗಡಿಯಾರ ಒತ್ತಿ ಕೆಲಸದ ಜಾಗಕ್ಕೆ ನಡೆದುಹೋಗುವ ಹೊತ್ತು, ಏಪ್ರನ್ ಕಟ್ಟಿಕೊಳ್ಳುವ ಹೊತ್ತು, ಇವಕ್ಕೆ ಸಂಬಳ ಉಂಟೋ ಇಲ್ಲವೋ ಅಂತ. ಉಂಟು ಅಂದಿತು ಕೋರ್ಟ್. ಮಾಲೀಕರಿಗೆ ಅದು ಎಷ್ಟು ಬಿಸಿ ತಟ್ಟಿತೆಂದರೆ ಮಾರನೇ ವರ್ಷವೇ, 1947ರಲ್ಲಿ, ಹೊಸ ಕಾನೂನು ತಂದು ನಡೆದುಹೋಗುವಂಥ ಹೊತ್ತನ್ನು ಹೊರಗಿಟ್ಟರು. 2014ರಲ್ಲಿ ಗೋದಾಮಿನ ತಪಾಸಣೆ ಸಾಲಿನ ಪ್ರಶ್ನೆಯೇ ಅದೇ ಕೋರ್ಟಿಗೆ ಬಂತು. ಅಲ್ಲಿನ ಒಕ್ಕೂಟ (ಫೆಡರಲ್) ಕಾನೂನಿನ ಪ್ರಕಾರ ಅದಕ್ಕೆ ಸಂಬಳ ಕೊಡಬೇಕಿಲ್ಲ ಅಂತ ತೀರ್ಪು. ಬ್ರಿಟನ್ನಿನಲ್ಲಿ ಅದೇ ಹೊತ್ತು, ಮಾಲೀಕರು ಕಡ್ಡಾಯವಾಗಿ ಅಲ್ಲಿ ಇರಿಸಿಕೊಂಡಿದ್ದರೆ, ಕನಿಷ್ಠ ವೇತನದ ಲೆಕ್ಕಕ್ಕೆ ಬರುತ್ತದೆ.

1946ರ ತೀರ್ಪಿನ ಇನ್ನೊಂದು ಮಾತು ಮಾತ್ರ ಇವತ್ತಿಗೂ ನಿಂತಿದೆ. ಮಾಲೀಕರು ಗಂಟೆಗಳನ್ನು ಸರಿಯಾಗಿ ಬರೆದಿಟ್ಟಿಲ್ಲ ಅಂದರೆ, ಕೆಲಸಗಾರರು ನ್ಯಾಯವಾಗಿ ತೋರುವ ಒಂದು ಅಂದಾಜು ಕೊಟ್ಟರೂ ಸಾಕು. ಅದು ತಪ್ಪು ಅಂತ ತೋರಿಸುವ ಭಾರ ಮಾಲೀಕರ ಮೇಲೆ. ಸರಿಸಿದ 9:00 ಮಾತ್ರ ಉಳಿಸಿಕೊಂಡು 8:44 ಅಳಿಸಿಹಾಕುವವರು ಇದನ್ನು ಯೋಚಿಸಬೇಕು.

ಆ ಗೋದಾಮಿನಲ್ಲೂ ಪಾಳಿಗೆ ಮೊದಲು ಇಂಥ 15 ನಿಮಿಷದ ಸಭೆ ಇದ್ದರೆ ಪುಟ್ಟಿ ಅವರ ಲೆಕ್ಕ ಇನ್ನೂ ಕೆಳಗೆ ಹೋಗುತ್ತದೆ. 16,380ನ್ನು 181.5ರಿಂದ ಭಾಗಿಸಿ: 90.25.

ಪೇರೋಲ್ ಪುಟ್ಟಿ:

ಕೇಳಿದೆ. ಸಭೆ ಇದೆ. 15 ನಿಮಿಷವೇ. 😔

ರಾತ್ರಿ ಭತ್ಯೆಯ ವಿಷಯ ನನಗೆ ಹೊಳೆಯಲೇ ಇಲ್ಲ. ಹಿಂದೆ ನಾನು ಭಾರತದ ಕಂಪನಿಗಳದ್ದು ಮಾಡುತ್ತಿದ್ದೆ, ಅಲ್ಲಿ ಮೂಲ ವೇತನ, ತುಟ್ಟಿಭತ್ಯೆ ನೋಡುವುದು ಅಭ್ಯಾಸ. ಬೇರೆ ದೇಶ ಅಂದಮೇಲೆ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಅಂದುಕೊಂಡೆ.

ಕಾನೂನು ಕಟ್ಟೆ:

ಭಾರತದ್ದೂ ಈಗ ಹಳೇ ಅಭ್ಯಾಸದಲ್ಲಿ ನಡೆಯುವುದಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ "ವೇತನ" ಅನ್ನುವುದರೊಳಗೆ ಮನೆ ಬಾಡಿಗೆ ಭತ್ಯೆ ಸೇರಿತ್ತು. 2019ರ ವೇತನ ಸಂಹಿತೆಯಲ್ಲಿ ಅದು ಹೊರಗೆ. ಈ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಮೂಲ ವೇತನ, ತುಟ್ಟಿಭತ್ಯೆ, ರಿಟೈನಿಂಗ್ ಭತ್ಯೆ (ಕೆಲಸ ನಿಂತ ಕಾಲದಲ್ಲೂ ನೌಕರರನ್ನು ಉಳಿಸಿಕೊಳ್ಳಲು ಕೊಡುವುದು) ಒಳಗೆ. ಮನೆ ಬಾಡಿಗೆ, ಪ್ರಯಾಣ, ಓಟಿ, ಕಮಿಷನ್ ಹೊರಗೆ. ಅದಕ್ಕೊಂದು ಬೀಗವೂ ಇದೆ. ಹೊರಗಿಟ್ಟ ಬಾಬ್ತುಗಳೆಲ್ಲ ಸೇರಿ ಒಟ್ಟು ಸಂಭಾವನೆಯ 50% ದಾಟಿದರೆ, ದಾಟಿದಷ್ಟು ಭಾಗ ಮತ್ತೆ ವೇತನದೊಳಕ್ಕೇ ಬರುತ್ತದೆ. ಸಾಫ್ಟ್‌ವೇರಿನಲ್ಲಿ ಮನೆ ಬಾಡಿಗೆ ಭತ್ಯೆಯ ಮುಂದೆ ಹಳೇ ಕಾಲದ "ಹೌದು" ಹಾಗೇ ಉಳಿದಿದ್ದರೆ ರಿಪೋರ್ಟ್ ಹಸಿರು ತೋರಿಸುತ್ತಲೇ ಇರುತ್ತದೆ.

ಕೋಡಿಗ:

ನಾನು ಪೇರೋಲ್ ಸಾಫ್ಟ್‌ವೇರ್ ಬರೆಯುವವನೇ. ಬೈಗುಳಕ್ಕೆ ರೆಡಿಯಾಗಿಯೇ ಬಂದಿದ್ದೇನೆ.

ನಮ್ಮ ಕಡೆಯಿಂದ ಒಂದು ಸತ್ಯ. ಸಂಬಳದ ಪ್ರತಿ ಬಾಬ್ತಿನ ಹಿಂದೆ ಒಂದು ಗುರುತು ಇರುತ್ತದೆ: ಕನಿಷ್ಠ ವೇತನಕ್ಕೆ ಲೆಕ್ಕ ಹೌದು ಅಥವಾ ಅಲ್ಲ. ನೀವು ಹೊಸ ಭತ್ಯೆ ಸೃಷ್ಟಿಸಿದಾಗ ಎಷ್ಟೋ ಸಾಫ್ಟ್‌ವೇರುಗಳಲ್ಲಿ ಅದು "ಹೌದು" ಅಂತಲೇ ಶುರುವಾಗುತ್ತದೆ. "ರಾತ್ರಿ ಪಾಳಿ" ಅಂತ ನೀವು ಹೆಸರಿಟ್ಟರೆ ಅದಕ್ಕೆ ಅರ್ಥ ಆಗುವುದಿಲ್ಲ. "ರಾತ್ರಿ", "ನೈಟ್", "ಎನ್ ಎಸ್ ಎ" ಅಂತ ಒಬ್ಬೊಬ್ಬರು ಒಂದೊಂದು ಬರೆಯುತ್ತಾರೆ. ಕಡಿತಕ್ಕೂ ಅದೇ ಗುರುತು. ಯೂನಿಫಾರ್ಮ್ ಅನ್ನು "ಇತರೆ ಕಡಿತ" ಅಂತ ಹಾಕಿದರೆ ಅದು ನಿವ್ವಳ ಸಂಬಳದಿಂದ ಹೋಗುತ್ತದೆ, ಕನಿಷ್ಠ ವೇತನದ ರಿಪೋರ್ಟಿನ ಹತ್ತಿರವೂ ಸುಳಿಯುವುದಿಲ್ಲ. ಹಾಗಾಗಿ ಬಾಬ್ತುಗಳ ಪಟ್ಟಿಯನ್ನು ಪ್ರಿಂಟ್ ತೆಗೆದು, ಪೆನ್ನು ಹಿಡಿದು, ಒಂದೊಂದರ ಮುಂದೆ ಹೌದು ಅಲ್ಲ ಅಂತ ಕೈಯಲ್ಲೇ ಬರೆದು, ಆಮೇಲೆ ಸ್ಕ್ರೀನಿಗೆ ಹೋಲಿಸಿ. ಹಳೇ ಕಾಲದ ಕೆಲಸ ಅನ್ನಿಸಬಹುದು. ಆದರೆ ಇದಕ್ಕಿಂತ ಬೇಗ ಸಿಗುವ ದಾರಿ ನನಗೂ ಗೊತ್ತಿಲ್ಲ.

ಆಮೇಲೆ ದರದ ಕೋಷ್ಟಕ. ಹೊಸ ದರ ಬಂದಾಗ ಹಳೇ ಸಾಲಿನ ಮೇಲೇ ಬರೆಯಬೇಡಿ. ಹೊಸ ಸಾಲು ಸೇರಿಸಿ, ದಿನಾಂಕ ಹಾಕಿ. ಹಳೇದನ್ನು ಅಳಿಸಿದರೆ ಮುಂದೆ ಬಾಕಿ ಲೆಕ್ಕ ಹಾಕುವಾಗ ಹೋದ ವರ್ಷದ ತಿಂಗಳಿಗೂ ಈ ವರ್ಷದ ದರ ಕೂತುಬಿಡುತ್ತದೆ. ದಿನಾಂಕದಲ್ಲೂ ಹುಷಾರು. ಬ್ರಿಟನ್ನಿನಲ್ಲಿ ಸಂಬಳದ ಅವಧಿ ಶುರುವಾದ ದಿನ ಯಾವ ದರ ಇತ್ತೋ ಅದೇ ಆ ಅವಧಿಗೆಲ್ಲ. ನಿಮ್ಮ ಅವಧಿ ಮಾರ್ಚ್ 20ರಿಂದ ಏಪ್ರಿಲ್ 19 ಅಂತಿದ್ದರೆ, ಏಪ್ರಿಲ್ 1ರ ಹೊಸ ದರ ನಿಮಗೆ ಹಿಡಿಯುವುದು ಏಪ್ರಿಲ್ 20ರಿಂದ. ಆಸ್ಟ್ರೇಲಿಯಾದಲ್ಲೂ ಹೀಗೇ, ಜುಲೈ 1ರಂದು ಅಥವಾ ಆಮೇಲೆ ಶುರುವಾಗುವ ಮೊದಲ ಪೂರ್ತಿ ಅವಧಿಯಿಂದ. ಎಲ್ಲ ದೇಶದಲ್ಲೂ ಹೀಗೆ ಅಂದುಕೊಳ್ಳಬೇಡಿ, ಕೆಲವು ಕಡೆ ಆದೇಶದಲ್ಲಿ ಹೇಳಿದ ದಿನದಿಂದಲೇ ಹಿಡಿಯುತ್ತದೆ, ತಿಂಗಳ ಮಧ್ಯೆ ಬಿದ್ದರೂ.

ವಯಸ್ಸಿನ ಮೇಲೆ ದರ ಇರುವ ದೇಶಗಳಲ್ಲಿ ಹುಟ್ಟಿದ ದಿನಾಂಕ ನೋಡಿ. ಬ್ರಿಟನ್ನಿನಲ್ಲಿ 2024ರ ಏಪ್ರಿಲಿನಿಂದ 21 ತುಂಬಿದವರಿಗೆ ಪೂರ್ತಿ ದರ. ಅದಕ್ಕೆ ಮೊದಲು 23 ಇತ್ತು. ಯಾರೋ ಹಳೇ ಸೆಟ್ಟಿಂಗ್‌ನಲ್ಲಿ 23 ಅಂತ ಬಿಟ್ಟಿದ್ದರೆ 21, 22 ವಯಸ್ಸಿನ ಹುಡುಗರೆಲ್ಲ ಕಡಿಮೆ ದರದ ಜೊತೆ ಹೋಲಿಕೆಯಾಗಿ ಹಸಿರಾಗಿ ಕೂತಿರುತ್ತಾರೆ.

ಕೊನೆಗೆ ಒಂದು ಕಿಲಾಡಿ ಪರೀಕ್ಷೆ. ಟೆಸ್ಟ್ ಕಂಪನಿಯಲ್ಲಿ ಒಬ್ಬ ಸುಳ್ಳು ನೌಕರನನ್ನು ಸೃಷ್ಟಿಸಿ. ಗಂಟೆಗೆ 99.99 ಕೊಡಿ. ಕೆಂಪು ಬರಬೇಕು. ಆಮೇಲೆ 99.996 ಬರುವ ಹಾಗೆ ಸಂಬಳ ಹಾಕಿ. ಎರಡು ದಶಾಂಶಕ್ಕೆ ಸರಿಸಿದರೆ (ರೌಂಡ್ ಆಫ್ ಮಾಡಿದರೆ) ಅದು 100.00 ಆಗುತ್ತದೆ. ನಿಮ್ಮ ಸಾಫ್ಟ್‌ವೇರ್ ಮೊದಲು ಹೋಲಿಸಿ ಆಮೇಲೆ ಸರಿಸುತ್ತದೋ, ಸರಿಸಿ ಆಮೇಲೆ ಹೋಲಿಸುತ್ತದೋ ಅಲ್ಲೇ ಗೊತ್ತಾಗುತ್ತದೆ. ಇದನ್ನು ನಿಜವಾದ ಕಂಪನಿಯ ಡೇಟಾದಲ್ಲಿ ಮಾತ್ರ ಮಾಡಬೇಡಿ. ಒಬ್ಬರು ಹಾಗೆ ಮಾಡಿ ಇಲ್ಲದ ಮನುಷ್ಯನಿಗೆ ಪೇಸ್ಲಿಪ್ ಕಳಿಸಿದ್ದರು.

ತಿಂಗಳ ಕೊನೆ:

ನನ್ನದು ಉಲ್ಟಾ ಸಮಸ್ಯೆ. ರಿಪೋರ್ಟ್ ತೆಗೆದರೆ ಕೆಂಪೋ ಕೆಂಪು. ಅದೂ ಆಫೀಸಿನವರು, ತಿಂಗಳ ಸಂಬಳದವರು. ಕೆಲವು ತಿಂಗಳು ಕೆಂಪು, ಕೆಲವು ತಿಂಗಳು ಹಸಿರು, ಸಂಬಳ ಮಾತ್ರ ಅಷ್ಟೇ. ಈಗ ನೋಡುವುದನ್ನೇ ಬಿಟ್ಟಿದ್ದೇನೆ.

ಹಳೇ ಲೆಡ್ಜರ್:

ನೋಡುವುದು ಬಿಟ್ಟಿರಿ ಅಂದರೆ ಆ ರಿಪೋರ್ಟ್ ಇದ್ದೂ ಇಲ್ಲದ ಹಾಗೆ. ಮೊದಲು ಸುಳ್ಳು ಕೆಂಪುಗಳನ್ನು ಕಳೆಯಿರಿ, ಆಗ ನಿಜವಾದದ್ದು ಕಣ್ಣಿಗೆ ಬೀಳುತ್ತದೆ.

ನಿಮ್ಮದು 23 ದಿನದ ತಿಂಗಳ ಕಾಯಿಲೆ ಇರಬೇಕು. ತಿಂಗಳಿಗೆ 17,600 ಸಂಬಳ, 22 ಕೆಲಸದ ದಿನ ಇದ್ದರೆ 176 ಗಂಟೆ, ಸರಿಯಾಗಿ 100. ಮುಂದಿನ ತಿಂಗಳು 23 ದಿನ ಬಂದರೆ 184 ಗಂಟೆ, 95.65. ಕೆಂಪು. ಇವರು ವರ್ಷಕ್ಕೆ ಇಷ್ಟು ಗಂಟೆ ಅಂತ ಒಪ್ಪಂದ ಇರುವ ಸಂಬಳದವರೋ, ಅಥವಾ ಗಂಟೆ ಲೆಕ್ಕದವರೋ? ಬ್ರಿಟನ್ನಿನಲ್ಲಿ ಮೊದಲನೇ ಥರದವರಿಗೆ ವರ್ಷದ ಗಂಟೆಯನ್ನು 12ರಿಂದ ಭಾಗಿಸುತ್ತಾರೆ, ಆಗ ತಿಂಗಳ ಏರಿಳಿತ ಹೋಗುತ್ತದೆ. ಎರಡನೇ ಥರದವರಾದರೆ ಆ ಕೆಂಪು ಸುಳ್ಳಲ್ಲ. ಸಾಫ್ಟ್‌ವೇರಿನಲ್ಲಿ ನೌಕರರ ವಿಧ ಯಾವುದು ಅಂತ ಆರಿಸುವ ಜಾಗ ಇರುತ್ತದೆ. ಬಹಳ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ. ಆದರೆ ಒಂದು, ಕೆಂಪು ಹೋಗಲಿ ಅಂತ ವಿಧ ಬದಲಿಸಬೇಡಿ. ಒಪ್ಪಂದ ಪತ್ರದಲ್ಲಿ ಏನಿದೆಯೋ ಅದನ್ನು ನೋಡಿ ಬದಲಿಸಿ.

ಸಂಬಳ ಇಲ್ಲದ ರಜೆ, ತಿಂಗಳ ಮಧ್ಯೆ ಸೇರಿದವರು, ಬಿಟ್ಟವರು, ಇವರದ್ದೂ ಸುಳ್ಳು ಕೆಂಪೇ. ದುಡ್ಡು ಕಡಿಮೆ ಆಗಿರುತ್ತದೆ, ಗಂಟೆ ಪೂರ್ತಿ ಇರುತ್ತದೆ.

ತಿಂಗಳ ಕೊನೆ:

ಹೌದು ಸರ್, ವಿಧ ಅನ್ನುವ ಜಾಗ ಎಲ್ಲರಿಗೂ ಖಾಲಿ ಇದೆ. ಒಪ್ಪಂದ ಪತ್ರಗಳನ್ನು ಹುಡುಕಲು ಹೊರಟೆ.

ಅವಸರದ ಅಕೌಂಟೆಂಟ್:

ಸರಿ, ನನ್ನದೂ ಒಂದು ಪ್ರಶ್ನೆ. ನಮ್ಮಲ್ಲಿ ಒಂದು ವಾರ 50 ಗಂಟೆ, ಮುಂದಿನ ವಾರ 30 ಗಂಟೆ ಬರುತ್ತದೆ. ವಾರಕ್ಕೆ ಸಂಬಳ 4,000 ಖಾಯಂ. ಎರಡು ವಾರ ಸೇರಿಸಿದರೆ 80 ಗಂಟೆಗೆ 8,000, ಸರಿಯಾಗಿ 100. ಇದು ನಡೆಯುತ್ತದೆ ತಾನೇ?

ಕಾನೂನು ಕಟ್ಟೆ:

ಮೊದಲ ವಾರ ಗಂಟೆಗೆ 80, ಎರಡನೇ ವಾರ 133. ಸೇರಿಸುವ ಹಾಗಿದೆಯೋ ಇಲ್ಲವೋ ಅನ್ನುವುದೇ ಇಲ್ಲಿ ಪ್ರಶ್ನೆ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಪ್ರತಿ ವಾರವೂ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಬ್ರಿಟನ್ನಿನಲ್ಲಿ ನೀವು ಸಂಬಳ ಕೊಡುವ ಅವಧಿಯೇ ಲೆಕ್ಕದ ಅವಧಿ, ಒಂದು ತಿಂಗಳು ಮೀರುವಂತಿಲ್ಲ. ನೀವು ವಾರಕ್ಕೊಮ್ಮೆ ಕೊಡುವುದಾದರೆ ಎರಡೂ ಕಡೆ ಮೊದಲ ವಾರ ಫೇಲ್.

ಕೈಲೆಕ್ಕ:

ನಮ್ಮಲ್ಲಿ ಪೀಸ್ ಲೆಕ್ಕ. ಗಂಟೆಯೇ ಇಲ್ಲ. ಚೆಕ್ ಹೇಗೆ?

ಹಳೇ ಲೆಡ್ಜರ್:

ಗಂಟೆ ಇಲ್ಲ ಅಂದರೆ ಬರೆದಿಟ್ಟಿಲ್ಲ ಅಂತ ಅರ್ಥ. ಕನಿಷ್ಠ ವೇತನ ಗಂಟೆಗೆ ಇಷ್ಟು ಅಂತ ಇರುವ ಕಡೆ ಪೀಸ್‌ನವರಿಗೂ ಅದು ಹಿಡಿಯುತ್ತದೆ. ಬ್ರಿಟನ್ನಿನಲ್ಲಿ ಒಂದು ಚೆಂದದ ಲೆಕ್ಕ ಇದೆ. ಸರಾಸರಿ ಕೆಲಸಗಾರರು ಗಂಟೆಗೆ ಎಷ್ಟು ಪೀಸ್ ಮಾಡುತ್ತಾರೆ ಅಂತ ಪರೀಕ್ಷೆ ಮಾಡಿ, ಅದನ್ನು 1.2ರಿಂದ ಭಾಗಿಸಬೇಕು. ಸರಾಸರಿ 12 ಬಂದರೆ 10. ಆಗ ಒಂದು ಪೀಸಿಗೆ ಕೊಡಬೇಕಾದ್ದು 100 ಭಾಗಿಸು 10, ಅಂದರೆ 10. ಕೈ ಸ್ವಲ್ಪ ನಿಧಾನ ಇರುವವರೂ ಮುಳುಗಬಾರದು ಅಂತ ಆ 1.2. ಹೀಗೆ ಅಳೆದು, ಕೆಲಸಗಾರರಿಗೆ ಮೊದಲೇ ಬರೆದು ತಿಳಿಸಿದ್ದರೆ ಮಾತ್ರ ಇದು ನಡೆಯುತ್ತದೆ. ಇಲ್ಲದಿದ್ದರೆ ಮಾಡಿದ ಪ್ರತಿ ಗಂಟೆಗೂ ಪೂರ್ತಿ ದರ.

ಪೇರೋಲ್ ಪುಟ್ಟಿ:

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೋಡಿಗ ಅವರು ಹೇಳಿದ ಹಾಗೆ ಬಾಬ್ತುಗಳ ಪಟ್ಟಿ ಪ್ರಿಂಟ್ ತೆಗೆದೆ. 31 ಬಾಬ್ತು. 31ಕ್ಕೂ "ಹೌದು". ನನ್ನ ಹಿಂದೆ ಇದನ್ನು ನೋಡುತ್ತಿದ್ದವರು ಒಮ್ಮೆಯೂ ಆ ಪುಟ ತೆರೆದಿಲ್ಲ ಅನ್ನಿಸುತ್ತದೆ. ಪೆನ್ನಿನಲ್ಲಿ ಗುರುತು ಹಾಕಿ, ಸರಿ ಮಾಡಿ, ಗಂಟೆಯನ್ನು ಮೆಷಿನ್ನಿನ ಕಚ್ಚಾ ದಾಖಲೆಯಿಂದ ತೆಗೆದು ಮತ್ತೆ ರಿಪೋರ್ಟ್ ಒತ್ತಿದೆ. 60ರಲ್ಲಿ 17 ಕೆಂಪು. ಎಲ್ಲರೂ ರಾತ್ರಿ ಪಾಳಿಯವರೇ.

ಮೇಲ್ ಬರೆದವರಿಗೆ ಆ ತಿಂಗಳು ಸಿಗಬೇಕಿದ್ದದ್ದು 18,150. ಲೆಕ್ಕಕ್ಕೆ ಬರುವುದು 16,380. ಕೊರತೆ 1,770. ಇದು ಒಂದು ತಿಂಗಳದ್ದು, ಒಬ್ಬರದ್ದು. ಗೋದಾಮಿನ ಮ್ಯಾನೇಜರ್ ಮೊದಲು "ನಿಮ್ಮ ಸಾಫ್ಟ್‌ವೇರ್ ಕೆಟ್ಟಿದೆ" ಅಂದರು. ಲೆಡ್ಜರ್ ಅವರ ಹಾಗೆ ಒಂದೊಂದೇ ಮೆಟ್ಟಿಲು ಇಳಿಸಿ ತೋರಿಸಿದೆ: 103.41, 100.57, 93.07, 90.25. ಫೋನಿನಲ್ಲಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಎಷ್ಟು ವರ್ಷದ್ದು ಕೊಡಬೇಕು?" ಅಂತ ಕೇಳಿದರು.

ಕಾನೂನು ಕಟ್ಟೆ:

ಬ್ರಿಟನ್ನಿನಲ್ಲಿ ಬಾಕಿ ಆರು ವರ್ಷ ಹಿಂದಕ್ಕೆ ಹೋಗಬಹುದು. ದಾಖಲೆ ಇಟ್ಟುಕೊಳ್ಳಬೇಕಾದ ಅವಧಿಯೂ 2021ರಿಂದ ಆರು ವರ್ಷ. ಈಗಿನ ದರ ಆಗಿನದಕ್ಕಿಂತ ಜಾಸ್ತಿ ಇದ್ದರೆ ಬಾಕಿಯನ್ನು ಈಗಿನ ದರಕ್ಕೆ ಏರಿಸಿ ಕೊಡಬೇಕು. ಅಧಿಕಾರಿಗಳು ಬಂದು ಹಿಡಿದರೆ ಅದರ ಮೇಲೆ ಬಾಕಿಯ 200% ತನಕ ದಂಡ. ಅವರು ಬರುವ ಮೊದಲೇ ನಿಮ್ಮವರು ತಾವಾಗಿ ಕೊಟ್ಟುಬಿಡುವುದು ಒಳ್ಳೆಯದು, ಹಾಗಂತ ಸ್ಪಷ್ಟವಾಗಿ ಬರೆದು ತಿಳಿಸಿ. ಬರೆದು, ಬಾಯಲ್ಲಲ್ಲ.

ಪೇರೋಲ್ ಪುಟ್ಟಿ:

ಬರೆದು ಕಳಿಸಿದ್ದೇನೆ. ಯೂನಿಫಾರ್ಮ್ ಕಡಿತ ನಿಲ್ಲಿಸಿದ್ದಾರೆ, ಸಭೆ ಈಗ ಪಾಳಿ ಶುರುವಾದ ಮೇಲೆಯೇ. ಮೂಲ ದರ ಏರಿಸುವುದಕ್ಕೆ ಇನ್ನೂ ಮೀಟಿಂಗ್ ನಡೆಯುತ್ತಿದೆ. ಮೊದಲ ಕಂತಿನ ಬಾಕಿ ಈ ತಿಂಗಳ ಸಂಬಳದ ಜೊತೆ ಹೋಯಿತು.

ಒಂದು ವಿಚಿತ್ರ. ಈ ತಿಂಗಳ ರಿಪೋರ್ಟಿನಲ್ಲಿ ಆ 17 ಜನರೂ ಹಸಿರು. ಮೂಲ ದರ ಇನ್ನೂ ಏರಿಸಿಯೇ ಇಲ್ಲ, ಹೇಗೆ?

ಹಳೇ ಲೆಡ್ಜರ್:

ಬಾಕಿಯನ್ನು ಯಾವ ಬಾಬ್ತಿನಲ್ಲಿ ಹಾಕಿದಿರಿ?

ಪೇರೋಲ್ ಪುಟ್ಟಿ:

"ಬಾಕಿ ವೇತನ" ಅಂತ ಹೊಸದಾಗಿ ಸೃಷ್ಟಿಸಿದೆ... ಅಯ್ಯೋ. ಅದೂ "ಹೌದು" ಅಂತ ಶುರುವಾಗಿದೆ. ಹೋದ ತಿಂಗಳುಗಳ ದುಡ್ಡೆಲ್ಲ ಈ ತಿಂಗಳ ಗಂಟೆಗೆ ಸೇರಿಕೊಂಡಿದೆ.

ಕೋಡಿಗ:

ನನ್ನ ತಪ್ಪಲ್ಲ. (ಸ್ವಲ್ಪ ನನ್ನ ತಪ್ಪು.)

ಪೇರೋಲ್ ಪುಟ್ಟಿ:

"ಅಲ್ಲ" ಮಾಡಿ ಮತ್ತೆ ಒತ್ತಿದೆ. 17 ಕೆಂಪು. ಪ್ರಿಂಟ್ ತೆಗೆದು ಮೀಟಿಂಗಿಗೆ ಕಳಿಸುತ್ತಿದ್ದೇನೆ.